ನೆಲವೂ ಜನವೂ: ಕೊನೆಯ ತರಗತಿಯ ಭೂಗೋಳ ಪಾಠದ ಕಥೆ

ರಾಜ್ಯೋತ್ಸವದ ದಿನ ಸಂಘದ ವೇದಿಕೆಯ ಮೇಲೆ ತಾಯಿ ಭುವನೇಶ್ವರಿಯ ಚಿತ್ರವನ್ನಿರಿಸಿ, ಅದರ ಹಿಂದೆ ಕರ್ನಾಟಕದ ಭೂಪಟವನ್ನು ತೂಗುಹಾಕುವುದು ಹೊರನಾಡ ಕನ್ನಡಿಗರಾದ ನಾವು ಬಹುಕಾಲದಿಂದ ನಡೆಸಿಕೊಂಡು ಬಂದಿರುವ ಪದ್ಧತಿ. ಹೂಮಾಲೆ, ಆರತಿಗಳೆಲ್ಲ ಚಿತ್ರಕ್ಕೆ ಸಲ್ಲುತ್ತವೆ. ಭೂಪಟವಾದರೋ ಸಮಾರಂಭ ಮುಗಿದೊಡನೆ ಸುರುಳಿಯಾಗಿ ಕಪಾಟಿನ ಮೂಲೆಯನ್ನು ಸೇರಿ, ಮತ್ತೆ ಮುಂದಿನ ನವೆಂಬರಿನಲ್ಲಿಯೇ ಹೊರಬೀಳುತ್ತದೆ. ಆ ಸುರುಳಿಯನ್ನು ಸ್ವಲ್ಪ ಹೊತ್ತು ಬಿಚ್ಚಿಟ್ಟುಕೊಂಡು, ಭೂಗೋಳವೆಂಬ ಪಾಠ ನಮ್ಮ ಮಕ್ಕಳ ಕೊನೆಯ ತರಗತಿಗೆ ಹೇಗೆ ಬಂತು, ಅದರಲ್ಲಿ ನಮಗೆ ಎಷ್ಟು ಸ್ಥಳವಿತ್ತು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇವೆ.

ಇದಕ್ಕೆ ಪ್ರೇರಣೆಯಾದುದು ಒಂದು ಚಿಕ್ಕ ಪ್ರಸಂಗ. ಕೆಲವು ವರ್ಷಗಳ ಹಿಂದೆ, ಹನ್ನೆರಡನೆಯ ತರಗತಿಯಲ್ಲಿ ಭೂಗೋಳವನ್ನು ಓದುತ್ತಿದ್ದ ನಮ್ಮವರ ಹುಡುಗಿಯೊಬ್ಬಳು ಪುಸ್ತಕವನ್ನು ಕೈಯಲ್ಲಿ ಹಿಡಿದು ಬಂದು, "ಮಾಮಾ, ಜನ ಊರು ಬಿಡುವುದಕ್ಕೆ ನೂಕುವ ಕಾರಣ, ಸೆಳೆಯುವ ಕಾರಣ ಎಂದು ಎರಡಿವೆಯಂತೆ. ನಮ್ಮ ಅಜ್ಜ ಊರು ಬಿಟ್ಟದ್ದು ಯಾವುದರಿಂದ?" ಎಂದು ಕೇಳಿದಳು. ಅಲ್ಲಿ ಕುಳಿತಿದ್ದ ನಾವು ನಾಲ್ಕೈದು ಮಂದಿ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಕೊನೆಗೆ ಹಿರಿಯರೊಬ್ಬರು, "ಹೊಟ್ಟೆಪಾಡು ಮಗೂ" ಎಂದರು. ಉತ್ತರ ಸುಳ್ಳಲ್ಲ, ಆದರೆ ಹುಡುಗಿಯ ಪ್ರಶ್ನೆಗೆ ಅದು ಸಾಲದು ಎಂಬುದು ನಮಗೆಲ್ಲ ತಿಳಿದಿತ್ತು.

ನಮ್ಮ ನಾಡಿನ ಭೂಪಟ ಮೊದಲು ಸಿದ್ಧವಾದುದು ಶಾಲೆಗಾಗಿ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಕೈಸೇರಿದ ಸೀಮೆ ಎಷ್ಟು, ಅದರ ಹುಟ್ಟುವಳಿ ಎಷ್ಟು ಎಂದು ತಿಳಿಯುವ ಅವಸರ ಕಂಪನಿ ಸರ್ಕಾರಕ್ಕಿತ್ತು. ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿಗೆ ಕೈಹಾಕಿದನು. ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ, ಬೆಳೆ, ಕಸುಬು, ಮಣ್ಣು, ಜನಜೀವನ ಎಲ್ಲವನ್ನೂ ಬರೆದಿಟ್ಟನು; ಅದು 1807ರಲ್ಲಿ ಅಚ್ಚಾಯಿತು. ನಮ್ಮ ಕರಾವಳಿಯವರು ಮನೆ ಕಟ್ಟುವ ಮುರಕಲ್ಲಿಗೆ, ಮಲಬಾರಿನಲ್ಲಿ ಅದನ್ನು ಕಂಡು 'ಲ್ಯಾಟರೈಟ್' ಎಂದು ಹೆಸರಿಟ್ಟವನು ಈತನೇ. ಇಂದು ಜಗತ್ತಿನ ಯಾವ ಮೂಲೆಯ ವಿದ್ಯಾರ್ಥಿಯಾದರೂ ಆ ಕೆಂಪು ಕಲ್ಲನ್ನು ಆ ಹೆಸರಿನಿಂದಲೇ ಓದುತ್ತಾನೆ.

ಇದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ ತ್ರಿಕೋಣಮಿತಿಯ ಮಹಾಮೋಜಣಿಯನ್ನು ಆರಂಭಿಸಿದನು. 1802ರಲ್ಲಿ ಮದರಾಸಿನ ಬಳಿ ಒಂದು ಆಧಾರರೇಖೆಯನ್ನೂ 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದನ್ನೂ ಸರಪಳಿಯಿಂದ ಅಳೆದು, ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋಣಗಳನ್ನು ಹೆಣೆಯುತ್ತ ಪಡುವಣ ಕಡಲಿನವರೆಗೆ ಹೋದನು. ಮದರಾಸಿಗೂ ಮಂಗಳೂರಿಗೂ ಸುಮಾರು 400 ಮೈಲಿ ಎಂದು ಹಳೆಯ ನಕಾಶೆಗಳು ತೋರಿಸುತ್ತಿದ್ದವು. ಅಳೆದು ನೋಡಿದಾಗ ಅದು 360 ಮೈಲಿ ಮಾತ್ರವೆಂದು ಗೊತ್ತಾಯಿತು. ಒಂದು ದೇಶದ ಅಗಲವೇ ನಲವತ್ತು ಮೈಲಿ ಕುಗ್ಗಿತು! ಕಣ್ಣಂದಾಜಿಗೂ ಅಳತೆಗೂ ಇರುವ ಅಂತರ ಇದು. ಭೂಗೋಳವೆಂಬ ವಿದ್ಯೆಯ ಮೊದಲ ಪಾಠವೂ ಇದೇ.

ಹೀಗೆ ಆಳುವವರಿಗಾಗಿ ಹುಟ್ಟಿದ ಭೂಪಟವು ಶಾಲೆಗೆ ಬಂದುದು ಐವತ್ತು ವರ್ಷಗಳ ಮೇಲೆ. 1854ರ ವುಡ್ ಸಾಹೇಬನ ಖಲೀತೆಯ ಫಲವಾಗಿ ಪ್ರಾಂತಗಳಲ್ಲಿ ವಿದ್ಯಾ ಇಲಾಖೆಗಳು ಏರ್ಪಟ್ಟವು. 1857ರಲ್ಲಿ ಕಲಕತ್ತಾ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ತಲೆಯೆತ್ತಿದವು. ಅವುಗಳ ಬಾಗಿಲಲ್ಲಿ ಕಾವಲು ನಿಂತುದು ಮೆಟ್ರಿಕ್ಯುಲೇಶನ್ ಪರೀಕ್ಷೆ. ಮುಂಬಯಿಯಲ್ಲಿ 1859ರಲ್ಲಿ ಮೊದಲ ಬಾರಿ ನಡೆದ ಆ ಪರೀಕ್ಷೆಯನ್ನು ದಾಟಿದವರಲ್ಲಿ ಮಹಾದೇವ ಗೋವಿಂದ ರಾನಡೆಯವರೂ ಒಬ್ಬರು. ಇತಿಹಾಸದ ಜೊತೆಗೆ ಭೂಗೋಳವೂ ಅದರಲ್ಲಿ ಸೇರಿತ್ತು. ಆದರೆ ನಮ್ಮ ಹೆಚ್ಚಿನ ಮಕ್ಕಳಿಗೆ ಮೆಟ್ರಿಕ್ಕಿನವರೆಗೆ ಹೋಗುವ ಯೋಗವೆಲ್ಲಿ? ಮುಂಬಯಿ ಕರ್ನಾಟಕದ ಹಳ್ಳಿಯ ಹುಡುಗನಿಗೆ ಕನ್ನಡ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯೇ ಕೊನೆಯ ಮೆಟ್ಟಿಲು. ಮುಲ್ಕಿ ಪಾಸಾದವನೆಂದರೆ ಊರಲ್ಲಿ ಮರ್ಯಾದೆ. ಮಾಸ್ತರಿಕೆಯೋ ಕುಲಕರ್ಣಿಕೆಯೋ ಕೈಗೆಟುಕುತ್ತಿತ್ತು.

ಆ ಭಾಗದಲ್ಲಿ ಕನ್ನಡದಲ್ಲಿ ಪಾಠ ಹೇಳುವುದೇ ಒಂದು ಹೋರಾಟವಾಗಿತ್ತು. ಕನ್ನಡವನ್ನಾಡುವ ಊರುಗಳಲ್ಲಿ ಮರಾಠಿ ಶಾಲೆಗಳು ನಡೆಯುತ್ತಿದ್ದ ಕಾಲದಲ್ಲಿ, ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ತೆರೆಯಿಸಿ, ಶಿಕ್ಷಕರನ್ನು ತಯಾರು ಮಾಡಿ, ಪುಸ್ತಕಗಳನ್ನು ಬರೆಸಿದರು. ಮೈಸೂರು ಸೀಮೆಯಲ್ಲಿ ಲೂಯಿಸ್ ರೈಸ್ ಮಹಾಶಯರು 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ತಂದರು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮುದ್ರಣಾಲಯವು ಕನ್ನಡ ಶಾಲಾಪುಸ್ತಕಗಳನ್ನು ಅಚ್ಚು ಮಾಡಿ ಹಂಚುತ್ತಿತ್ತು. 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡದಲ್ಲಿ ಪುಸ್ತಕ ಬರೆಯುವವರಿಗೆ ಬೆಂಬಲವಾಗಿ ನಿಂತಿತು.

ಇಷ್ಟಾದರೂ ಕನ್ನಡ ಮಗುವಿನ ಭೂಗೋಳದಲ್ಲಿ ಕನ್ನಡನಾಡು ಇರಲಿಲ್ಲ! ಈ ವಿಚಿತ್ರವನ್ನು ಇಂದಿನ ಮಕ್ಕಳಿಗೆ ನಾವು ಬಿಡಿಸಿ ಹೇಳಬೇಕಾಗಿದೆ. ಧಾರವಾಡದ ಹುಡುಗನು ಓದಿದುದು ಮುಂಬಯಿ ಇಲಾಖೆಯ ಭೂಗೋಳ. 1936ರವರೆಗೆ ಸಿಂಧವು ಆ ಇಲಾಖೆಯಲ್ಲಿಯೇ ಇದ್ದುದರಿಂದ ಕರಾಚಿ ಬಂದರವು ಅವನ ಸ್ವಂತ ಇಲಾಖೆಯದು. ಘಟ್ಟದ ಕೆಳಗಿನ ಮಂಗಳೂರು ಮಾತ್ರ ಪರರಾಜ್ಯದ ಊರು. ಮಂಗಳೂರಿನ ಹುಡುಗನ ನಕಾಶೆಯಲ್ಲಿ ಮದರಾಸು ರಾಜಧಾನಿ. ಒರಿಸ್ಸಾದ ಗಡಿಯ ಗಂಜಾಂ ಜಿಲ್ಲೆ ಅವನದಾಗಿತ್ತು, ಶಿವಮೊಗ್ಗ ಅವನದಾಗಿರಲಿಲ್ಲ. ಕಲಬುರ್ಗಿ, ಬೀದರ, ರಾಯಚೂರುಗಳ ಮಗು ನಿಜಾಮರ ಸಂಸ್ಥಾನದ ಭೂಗೋಳವನ್ನು ಉರ್ದುವಿನಲ್ಲಿ ಕಲಿಯಿತು. ಮೈಸೂರಿನವನಿಗೆ ಮೈಸೂರೇ ಜಗತ್ತು, ಕೊಡಗಿನವನಿಗೆ ಕೊಡಗು. ಜಮಖಂಡಿ, ಮುಧೋಳ, ಸವಣೂರು, ಸೊಂಡೂರುಗಳೆಂಬ ಸಂಸ್ಥಾನಗಳು ಬೇರೆ.

ಒಂದೇ ಆಗಿದ್ದ ಕನ್ನಡ ಜಿಲ್ಲೆಯು ಉತ್ತರ, ದಕ್ಷಿಣ ಎಂದು ಎರಡಾದ ಕಥೆಯೂ ಭೂಗೋಳದ ಕಥೆಯೇ. ಧಾರವಾಡ ಸೀಮೆಯ ಎರೆಮಣ್ಣಿನಲ್ಲಿ ಬೆಳೆಯುವ ಹತ್ತಿಗೆ ಹತ್ತಿರದ ಬಂದರು ಬೇಕೆಂದು ಮುಂಬಯಿಯ ವರ್ತಕರು ಒತ್ತಾಯ ಹಿಡಿದರು. ಅಮೆರಿಕದಲ್ಲಿ 1861ರಲ್ಲಿ ಅಂತರ್ಯುದ್ಧ ತೊಡಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂದಿದ್ದ ಹೊತ್ತು ಅದು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಲಾಯಿತು. ಕಾರವಾರದ ಕೊಲ್ಲಿ, ಘಟ್ಟದ ಕಣಿವೆ, ಎರೆಯ ಹೊಲ, ದೂರದ ಯುದ್ಧ ಇವೆಲ್ಲ ಕೂಡಿ ಅಣ್ಣತಮ್ಮಂದಿರನ್ನು ಎರಡು ನಕಾಶೆಗಳಿಗೆ ಹಂಚಿಹಾಕಿದವು.

ಇನ್ನು ಪಾಠ ಹೇಳುವ ಕ್ರಮ. ಭೂಶಿರಗಳು, ಕೊಲ್ಲಿಗಳು, ನದಿಗಳು, ಅವುಗಳ ದಂಡೆಯ ಪಟ್ಟಣಗಳು ಎಲ್ಲವೂ ಬಾಯಿಪಾಠ. ಇಂಗ್ಲೆಂಡಿನ ಕೌಂಟಿಗಳ ಹೆಸರನ್ನು ಒಂದೇ ಉಸಿರಿನಲ್ಲಿ ಒಪ್ಪಿಸಬಲ್ಲ ಹುಡುಗನಿಗೆ ತನ್ನೂರ ಹಳ್ಳ ಯಾವ ಹೊಳೆಯನ್ನು ಸೇರುತ್ತದೆಂಬುದು ತಿಳಿಯದು. ಇದನ್ನು ತಿದ್ದಲು ಯತ್ನಿಸಿದವರೂ ಇದ್ದರು. ಹೆನ್ರಿ ಬ್ಲ್ಯಾನ್‌ಫರ್ಡ್ ಎಂಬಾತನು ಹಿಂದೂಸ್ಥಾನದ ಶಾಲೆಗಳಿಗಾಗಿಯೇ ಪ್ರಾಕೃತಿಕ ಭೂಗೋಳದ ಪುಸ್ತಕವೊಂದನ್ನು ಬರೆದು, ಇಲ್ಲಿಯ ಮಳೆ, ಗಾಳಿ, ಕಲ್ಲು, ನದಿಗಳ ಉದಾಹರಣೆಯಿಂದ ಪಾಠವನ್ನು ಕಟ್ಟಿದನು. 1875ರಲ್ಲಿ ಹವಾಮಾನ ಇಲಾಖೆ ಸ್ಥಾಪಿತವಾದಾಗ ಅದರ ಮೊದಲ ಮುಖ್ಯಸ್ಥನಾದವನೂ ಇವನೇ. ಹಿಮಾಲಯದ ಮೇಲೆ ಹಿಮ ಹೆಚ್ಚು ಬಿದ್ದರೆ ಮುಂದಿನ ಮುಂಗಾರು ಸೊರಗುವುದೆಂದು ಆತನು 1884ರಲ್ಲಿ ವಾದಿಸಿದನು. 1876ರಿಂದ 78ರವರೆಗಿನ ಮಹಾಕ್ಷಾಮವೇ ಇಂಥ ಶೋಧನೆಗೆ ಅವಸರವನ್ನು ತಂದಿತ್ತು.

ಆ ಕ್ಷಾಮದ ಹೆಸರೆತ್ತಿದಾಗ ಪ್ರಾಕೃತಿಕ ಭೂಗೋಳವೂ ಮಾನವ ಭೂಗೋಳವೂ ಎಲ್ಲಿ ಕೂಡುತ್ತವೆಂಬುದು ತಾನಾಗಿ ಕಾಣುತ್ತದೆ. ಮುಂಗಾರಿನ ಮೋಡವು ಸಹ್ಯಾದ್ರಿಗೆ ತಾಗಿ ಮೇಲೇರಿ ತಂಪಾಗಿ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಸುರಿದುಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಬೀಳುವ ಮಳೆಯು ವಿಜಯಪುರದ ಹೊಲವನ್ನು ಮುಟ್ಟುವ ಹೊತ್ತಿಗೆ ಸುಮಾರು 600ಕ್ಕೆ ಇಳಿದಿರುತ್ತದೆ. ಇಷ್ಟು ಪ್ರಾಕೃತಿಕ ಭೂಗೋಳ. ಆ 600ರಲ್ಲಿ ಅರ್ಧವೂ ಬಾರದ ವರ್ಷ, ಸಾಲಗಾರನೂ ಕಂದಾಯದವನೂ ಬಾಗಿಲಲ್ಲಿ ನಿಂತಾಗ ಮನೆಯವರು ಏನು ಮಾಡಿದರು ಎಂಬುದು ಮಾನವ ಭೂಗೋಳ. ಮೈಸೂರು ಸಂಸ್ಥಾನದ ಜನಗಣತಿಯಲ್ಲಿ 1871ರಲ್ಲಿ ಸುಮಾರು 50.5 ಲಕ್ಷ ಜನರಿದ್ದರು. 1881ರಲ್ಲಿ ಉಳಿದವರು ಸುಮಾರು 41.9 ಲಕ್ಷ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷದಷ್ಟು ಕುಗ್ಗಿತೆಂದರೆ ಆ ಎರಡು ಅಂಕೆಗಳ ನಡುವೆ ಎಷ್ಟು ಒಲೆಗಳು ಆರಿದವೋ!

ಆದರೆ ಮನುಷ್ಯನನ್ನು ಭೂಗೋಳದ ಪುಸ್ತಕದೊಳಕ್ಕೆ ಕರೆತರಲು ವಿದ್ವಾಂಸರಿಗೂ ಕಾಲ ಹಿಡಿಯಿತು. ಜರ್ಮನಿಯ ರಾಟ್ಸೆಲ್ 1882ರಲ್ಲಿ ನೆಲಕ್ಕೂ ಜನಕ್ಕೂ ಇರುವ ಸಂಬಂಧವನ್ನು ಕುರಿತು ದೊಡ್ಡ ಗ್ರಂಥವನ್ನು ತಂದನು. ಅವನನ್ನು ಅನುಸರಿಸಿದವರು, ನೆಲವು ನಡೆಸಿದಂತೆ ಜನ ನಡೆಯುತ್ತಾರೆಂದು ಬಿಗಿಯಾಗಿ ಹೇಳಿದರು. ಫ್ರಾನ್ಸಿನ ವಿದಾಲ್ ದ ಲಾ ಬ್ಲಾಶ್ ಇದನ್ನು ಒಪ್ಪಲಿಲ್ಲ. ಪ್ರಕೃತಿಯು ಮನುಷ್ಯನ ಮುಂದೆ ಹಲವು ಹಾದಿಗಳನ್ನು ಇಡುತ್ತದೆ, ಆರಿಸಿಕೊಳ್ಳುವವನು ಮನುಷ್ಯನೇ ಎಂಬುದು ಆತನ ಮತ. ಇಂಗ್ಲೆಂಡಿನಲ್ಲಿ ನೆಲಸಿದ್ದ ರಾವೆನ್‌ಸ್ಟೈನ್ 1885ರಲ್ಲಿ ಜನಗಣತಿಯ ಅಂಕೆಗಳನ್ನು ಜರಡಿ ಹಿಡಿದು ವಲಸೆಯ ನಿಯಮಗಳನ್ನು ಬರೆದನು: ಹೆಚ್ಚಿನವರು ಹತ್ತಿರದ ಊರಿಗೇ ಹೋಗುತ್ತಾರೆ, ದೂರ ಹೋಗುವವರು ವ್ಯಾಪಾರದ ಮಹಾನಗರವನ್ನು ಹುಡುಕುತ್ತಾರೆ, ಪ್ರತಿಯೊಂದು ಹೊನಲಿಗೂ ಒಂದು ಮರುಹೊನಲು ಇರುತ್ತದೆ. ರಜೆಗೆ ಊರಿಗೆ ಹೋಗಿ, ಮುಪ್ಪಿನಲ್ಲಿ ಊರಲ್ಲೊಂದು ಮನೆ ಕಟ್ಟಿಸುವ ನಮ್ಮವರನ್ನು ಕಾಣದೆಯೇ ಆತನು ಇದನ್ನು ಬರೆದಿದ್ದನು!

ನಮ್ಮ ಕಡೆ ಈ ದೃಷ್ಟಿಯಿಂದ ಬರೆದವರಲ್ಲಿ ಸಿ. ಡಿ. ದೇಶಪಾಂಡೆಯವರ ಹೆಸರನ್ನು ಹೇಳಬೇಕು. ಪಶ್ಚಿಮ ಭಾರತದ ಪ್ರಾದೇಶಿಕ ಭೂಗೋಳವನ್ನು ಕುರಿತ ಅವರ ಇಂಗ್ಲಿಷ್ ಪುಸ್ತಕ 1948ರಲ್ಲಿ ಧಾರವಾಡದಿಂದ ಪ್ರಕಟವಾಯಿತು. ಕನ್ನಡದಲ್ಲಿ ಮಕ್ಕಳಿಗೆ ಜಗತ್ತನ್ನು ಪರಿಚಯಿಸುವ ಹೊರೆಯನ್ನು ಶಿವರಾಮ ಕಾರಂತರು 1936ರಷ್ಟು ಹಿಂದೆಯೇ 'ಬಾಲಪ್ರಪಂಚ'ದ ಮೂಲಕ ಹೊತ್ತರು. ಅವರ 'ಮರಳಿ ಮಣ್ಣಿಗೆ' ಕಾದಂಬರಿಯಲ್ಲಿ ಕಡಲ ತಡಿಯ ಮೂರು ತಲೆಮಾರುಗಳ ಬದುಕನ್ನು ಓದಿದವರು, ಮಾನವ ಭೂಗೋಳದ ಅತ್ಯುತ್ತಮ ಪಾಠವನ್ನು ತಿಳಿಯದೆಯೇ ಓದಿದ್ದಾರೆ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಕರಾವಳಿಯವರು ಕೆಲವರು, ಬಯಲುಸೀಮೆಯವರು ಕೆಲವರು. ಇಬ್ಬರ ಅಜ್ಜಂದಿರೂ ಮುಂಬಯಿಗೆ ಬಂದರು; ಬಂದ ಹಾದಿ ಬೇರೆ, ಕಾರಣ ಬೇರೆ.

ಕರಾವಳಿಗೆ ಮಳೆಯ ಕೊರತೆಯಿರಲಿಲ್ಲ; ನೆಲದ ಕೊರತೆಯಿತ್ತು. ಘಟ್ಟಕ್ಕೂ ಕಡಲಿಗೂ ನಡುವಣ ಕಿರಿದಾದ ಪಟ್ಟಿ, ಮುರಕಲ್ಲಿನ ಬೋಳುಗುಡ್ಡಗಳು, ಅವುಗಳ ಸಂದಿನಲ್ಲಿ ಗದ್ದೆ. ಗೇಣಿ ಕೊಟ್ಟು ಉಳಿದುದರಲ್ಲಿ ದೊಡ್ಡ ಸಂಸಾರ ನಡೆಯದು. 1923ರ ಮಹಾನೆರೆಯು ಇದ್ದುದನ್ನೂ ಕೊಚ್ಚಿಕೊಂಡು ಹೋಯಿತು. ಹೋಗುವುದಾದರೂ ಎಲ್ಲಿಗೆ? ಪೂರ್ವಕ್ಕೆ ಘಟ್ಟದ ಗೋಡೆ. ಮಂಗಳೂರಿಗೆ ರೈಲು ಬಂದುದೇ 1907ರಲ್ಲಿ, ಅದೂ ಮಲಬಾರಿನ ಕಡೆಯಿಂದ. ಮದರಾಸಿನ ದಾರಿ ತೆರೆಯಿತು. ಮುಂಬಯಿಯ ದಾರಿಯೆಂದರೆ ಕಡಲು. ಹಡಗಿನಲ್ಲಿಯೋ ಮಚವೆಯಲ್ಲಿಯೋ ಹೋಗಬೇಕು. ಮುಂಗಾರಿನಲ್ಲಿ ಆ ಹಾದಿಯೂ ಮುಚ್ಚುತ್ತಿತ್ತು. ಹಾಸನ ಮಂಗಳೂರು ರೈಲುಮಾರ್ಗ 1979ರಲ್ಲಿಯೂ ಕೊಂಕಣ ರೈಲ್ವೆ 1998ರಲ್ಲಿಯೂ ಪೂರ್ಣವಾಗುವ ತನಕ ಆ ಜಿಲ್ಲೆಯವರು ಪಟ್ಟ ಪಾಡು ಹಿರಿಯರಿಗೆ ಗೊತ್ತು. ಹಾಗೆ ಬಂದ ಹುಡುಗರು ಹೋಟೆಲಿನಲ್ಲಿ ಲೋಟ ತೊಳೆಯುತ್ತ, ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಓದಿದರು. ಹಗಲೆಲ್ಲ ದುಡಿದು ರಾತ್ರಿ ಮೆಟ್ರಿಕ್ಕಿನ ಭೂಗೋಳವನ್ನು ಓದಿದ ಆ ಹುಡುಗರ ಕೈಗೆ ಬಂದ ನಕಾಶೆಯಲ್ಲಿ ಅವರ ಊರಿನ ಹೆಸರೂ ಇದ್ದಿರಲಾರದು.

ಬಯಲುಸೀಮೆಯವರ ಕಥೆ ಇದಕ್ಕೆ ತಿರುವುಮುರುವು. ಅಲ್ಲಿ ನೆಲಕ್ಕೆ ಬರವಿಲ್ಲ, ನೀರಿಗೆ ಬರ. ಕ್ಷಾಮದ ಮೇಲೆ 1880ರ ದಶಕದಲ್ಲಿ ಹಾಕಿದ ಸದರ್ನ್ ಮರಾಠಾ ರೈಲುಮಾರ್ಗವು ಗದಗ, ವಿಜಯಪುರಗಳನ್ನು ಹೋಟಗಿಯ ಮೂಲಕ ಸೊಲ್ಲಾಪುರದ ದಾರಿಗೆ ಕೂಡಿಸಿತು. ಸೊಲ್ಲಾಪುರದಲ್ಲಿ 1877ರಲ್ಲಿಯೇ ಬಟ್ಟೆಯ ಗಿರಣಿ ಎದ್ದಿತ್ತು. ಮಳೆ ಕೈಕೊಟ್ಟ ವರ್ಷ ಊರು ನೂಕಿತು. ಗಿರಣಿಯ ಭೋಂಗಾ ಸೆಳೆಯಿತು. ಮೊದಲು ಸೊಲ್ಲಾಪುರ, ಅಲ್ಲಿಂದ ಪುಣೆ, ಅಲ್ಲಿಂದ ಮುಂಬಯಿ ಎಂದು ಮೆಟ್ಟಿಲು ಮೆಟ್ಟಿಲಾಗಿ ನಡೆದು ಬಂದವರು ನಮ್ಮಲ್ಲಿ ಎಷ್ಟೋ ಮಂದಿ. ಹಾಗಾದರೆ ಅಜ್ಜನನ್ನು ನೂಕಿದುದು ನೆಲ, ಸೆಳೆದುದು ನಗರ, ಆರಿಸಿದವನು ಅಜ್ಜ. ಅದೇ ಓಣಿಯಲ್ಲಿ ಹೊರಡದೆ ಉಳಿದವರೂ ಇದ್ದರೆಂಬುದನ್ನು ನೆನೆದರೆ ವಿದಾಲನ ಮಾತಿನ ಅರ್ಥ ಹೊಳೆಯುತ್ತದೆ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು 10 ಲಕ್ಷ. ಅವರಲ್ಲಿ ಗಡಿಭಾಗದಲ್ಲಿ ತಲೆತಲಾಂತರದಿಂದ ಇರುವವರನ್ನು ಬಿಟ್ಟರೆ, ಉಳಿದವರಲ್ಲಿ ಬಹಳ ಮಂದಿಯ ಹಿಂದೆ ಇಂಥದೊಂದು ಪ್ರಯಾಣವಿದೆ.

ಭೂಪಟವೂ ಸುಮ್ಮನೆ ಬದಲಾಗಲಿಲ್ಲ. ಆಲೂರು ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ'ವನ್ನು ಬರೆದಾಗ ಕರ್ನಾಟಕವೆಂಬುದು ಯಾವ ಶಾಲೆಯ ಗೋಡೆಯ ಮೇಲೂ ಇರಲಿಲ್ಲ. 1920ರಲ್ಲಿ ನಾಗಪುರದ ಕಾಂಗ್ರೆಸ್ಸು ಭಾಷಾವಾರು ಪ್ರಾಂತಗಳ ತತ್ತ್ವವನ್ನು ಒಪ್ಪಿತು. 1953ರಲ್ಲಿ ಬಳ್ಳಾರಿ ಮೈಸೂರನ್ನು ಸೇರಿತು. ಫಜಲ್ ಅಲಿ ಆಯೋಗವು 1955ರಲ್ಲಿ ವರದಿಯನ್ನು ಕೊಟ್ಟಿತು. 1956ನೆಯ ನವೆಂಬರ್ 1ರಂದು ಚೂರುಗಳು ಕೂಡಿದವು. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. 1,91,791 ಚದರ ಕಿಲೋಮೀಟರಿನ ಆ ಆಕಾರವನ್ನು ಇಂದಿನ ಮಗು ಅರೆನಿಮಿಷದಲ್ಲಿ ಬರೆಯುತ್ತದೆ. ಅದನ್ನು ಬರೆಯಲು ಹಿರಿಯರಿಗೆ ಐವತ್ತು ವರ್ಷ ಹಿಡಿಯಿತು.

ಕೊನೆಯ ತರಗತಿಯೂ ಈ ನಡುವೆ ಸ್ಥಳ ಬದಲಿಸಿತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗದ ತರುವಾಯ ಹತ್ತು ಮತ್ತು ಎರಡು ವರ್ಷಗಳ ಕ್ರಮ ಬಂದು, ಹನ್ನೆರಡನೆಯದು ಶಾಲೆಯ ಕೊನೆಯಾಯಿತು. ಎನ್.ಸಿ.ಇ.ಆರ್.ಟಿ.ಯವರು ಹನ್ನೊಂದರಲ್ಲಿ ಪ್ರಾಕೃತಿಕ ಭೂಗೋಳದ ತತ್ತ್ವಗಳನ್ನೂ ಹನ್ನೆರಡರಲ್ಲಿ ಮಾನವ ಭೂಗೋಳವನ್ನೂ ಇರಿಸಿದರು. ದಿಲ್ಲಿಯ ಶಾಲೆಯಲ್ಲಿ ಕುಳಿತ ನಮ್ಮ ಮಗು ಶಿಲೆಗಳ ಪಾಠದಲ್ಲಿ 'ಧಾರವಾಡ'ವೆಂಬ ಹೆಸರನ್ನು ಕಾಣುತ್ತದೆ; ಕಬ್ಬಿಣವನ್ನೂ ಚಿನ್ನವನ್ನೂ ಹೊತ್ತ ಆ ಪುರಾತನ ಶಿಲಾವರ್ಗಕ್ಕೆ ನಮ್ಮ ಊರಿನ ಹೆಸರಿಟ್ಟವನು ಬ್ರೂಸ್ ಫೂಟ್. ಮತ್ತು 2007ರಲ್ಲಿ ಬಂದ ಹನ್ನೆರಡನೆಯ ತರಗತಿಯ ಪುಸ್ತಕದಲ್ಲಿ ವಲಸೆಗೇ ಮೀಸಲಾದ ಒಂದು ಅಧ್ಯಾಯವಿತ್ತು: ಅದರ ಬಗೆಗಳು, ಕಾರಣಗಳು, ಪರಿಣಾಮಗಳು. ಹುಡುಗಿಯು ಪ್ರಶ್ನೆಯನ್ನು ತಂದುದು ಅಲ್ಲಿಂದಲೇ. ಸುಮಾರು ನೂರೈವತ್ತು ವರ್ಷಗಳ ಭೂಗೋಳ ಪಾಠದಲ್ಲಿ ಊರು ಬಿಟ್ಟವನಿಗೂ ಒಂದು ಪುಟ ದೊರೆತಿತ್ತು.

2022ರಲ್ಲಿ ಪಾಠದ ಹೊರೆಯನ್ನು ಇಳಿಸುವುದಕ್ಕಾಗಿ ಕೆಲವು ಅಧ್ಯಾಯಗಳನ್ನು ತೆಗೆದಾಗ, ಆ ಅಧ್ಯಾಯವೂ ಹೋಯಿತು. ಮಕ್ಕಳ ಹೊರೆ ಇಳಿಯಬಾರದೆಂದು ನಾವು ಹೇಳೆವು. ಎರಡು ವರ್ಷ ಶಾಲೆಯನ್ನೇ ಕಾಣದ ಮಕ್ಕಳವು. ಆದರೆ 2020ರ ಬೇಸಿಗೆಯಲ್ಲಿ ಗಂಟುಮೂಟೆ ಹೊತ್ತು ಹೆದ್ದಾರಿಗಳಲ್ಲಿ ನಡೆದುಹೋದ ಜನರನ್ನು ದೇಶವೆಲ್ಲ ಕಂಡ ಮೇಲೆ, ಬಿಡಲು ಈ ಪಾಠವೇ ಸಿಕ್ಕಿತೇ ಎಂಬ ಅಳಲು ನಮ್ಮದು. ಆ ಹುಡುಗಿಯ ತಮ್ಮ ಈಚೆಗೆ ಅದೇ ತರಗತಿಗೆ ಬಂದನು. ಅವನು ನಮ್ಮನ್ನು ಏನೂ ಕೇಳಲಿಲ್ಲ. ಕೇಳುವಂತೆ ಮಾಡುವ ಪುಟವೇ ಅವನ ಪುಸ್ತಕದಲ್ಲಿ ಇರಲಿಲ್ಲ.

ಆದುದರಿಂದ ಈ ಪಾಠವನ್ನು ನಾವೇ ಹೇಳಬೇಕು. ಇದಕ್ಕೆ ಪಂಡಿತರು ಬೇಕಿಲ್ಲ. ಪ್ರತಿಯೊಂದು ಮನೆಯಲ್ಲಿಯೂ, ಮೊದಲು ಊರು ಬಿಟ್ಟವರು ಯಾರು, ಯಾವ ವರ್ಷ, ಯಾವ ಹಳ್ಳಿಯಿಂದ, ಯಾವ ಹಾದಿಯಲ್ಲಿ ಬಂದರು, ಆ ವರ್ಷ ಊರಿನಲ್ಲಿ ಮಳೆಬೆಳೆ ಹೇಗಿತ್ತು, ಜಮೀನು ಎಷ್ಟಿತ್ತು, ಇಲ್ಲಿ ಮೊದಲು ಮಲಗಿದ ಜಾಗ ಯಾವುದು ಎಂದು ಅರ್ಧ ಹಾಳೆ ಬರೆದರೆ ಸಾಕು. ಎಂಬತ್ತು ದಾಟಿದವರು ನಮ್ಮಲ್ಲಿ ಇನ್ನು ಕೆಲವರೇ ಉಳಿದಿದ್ದಾರೆ, ತಡಮಾಡುವ ಹಾಗಿಲ್ಲ. ಆ ಹಾಳೆಗಳನ್ನು ಒಟ್ಟುಗೂಡಿಸಿ, ಸಂಘದ ಭೂಪಟದ ಮೇಲೆ ಪ್ರತಿ ಮನೆಗೊಂದು ಗುಂಡುಸೂಜಿ ಚುಚ್ಚಿ, ಮಕ್ಕಳ ಕೈಯಿಂದಲೇ ದಾರ ಕಟ್ಟಿಸೋಣ.

ಆ ಮೇಲೆ ಭೂಪಟವನ್ನು ಸುತ್ತಿ ಕಪಾಟಿನಲ್ಲಿಡಲು ಆಗುವುದಿಲ್ಲ. ಗೋಡೆಯ ಮೇಲೆಯೇ ಇರಬೇಕಾಗುತ್ತದೆ. ತಮ್ಮನೂ ಒಂದು ದಿನ ಅದರ ಮುಂದೆ ನಿಂತು, ತನ್ನ ಅಜ್ಜನ ದಾರ ಯಾವುದೆಂದು ಕೇಳಿಯಾನು. ಆಗ ಹೊಟ್ಟೆಪಾಡು ಎಂಬ ಒಂದೇ ಮಾತಿನಲ್ಲಿ ಉತ್ತರವನ್ನು ಮುಗಿಸದಿರುವಷ್ಟು ಸಿದ್ಧತೆಯನ್ನು ಈ ರಾಜ್ಯೋತ್ಸವದಿಂದಲೇ ನಾವು ಮಾಡಿಕೊಳ್ಳೋಣ.